ಎಡಕ್ಕೆ ವಾಲಿದ ಹೊಲಿಗೆ

ನನ್ನನ್ನು ಎಲ್ಲರೂ ಕೆದಕಮ್ಮ ಎನ್ನುತ್ತಾರೆ. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ, ನಾನೂ ಓಗೊಡುತ್ತೇನೆ. ಹಳೆಯ ಸಾಮಾನುಗಳ ಪೂರ್ವಾಪರ ಹುಡುಕಿ ಬರೆದುಕೊಡುವುದು ನನ್ನ ಕಸುಬು. ಈ ಕುರ್ಚಿ ಯಾರ ಮನೆಯದು, ಈ ಗಡಿಯಾರ ಯಾರ ಕೈಯಲ್ಲಿ ತಯಾರಾಯಿತು, ಈ ಪೆಟ್ಟಿಗೆ ನಿಜವಾಗಿಯೂ ಹಳೆಯದೋ ಅಥವಾ ಹೋದ ವರ್ಷ ಚಹಾದ ನೀರಿನಲ್ಲಿ ಅದ್ದಿ ಅಜ್ಜನ ವೇಷ ಹಾಕಿಸಿದ್ದೋ, ಇಂಥವು. ಬಾಯಿ ಸ್ವಲ್ಪ ಜೋರು. ಅದಕ್ಕೇ ಯಾರೂ ನನ್ನನ್ನು ಎರಡನೇ ಸಲ ಊಟಕ್ಕೆ ಕರೆಯುವುದಿಲ್ಲ, ಆದರೆ ಹರಾಜಿಗೆ ಮುಂಚೆ ಎಲ್ಲರೂ ಹುಡುಕಿಕೊಂಡು ಬರುತ್ತಾರೆ.

ಸಣ್ಣ ಸಾಹುಕಾರ ನನ್ನನ್ನು ಕರೆಸಿದ್ದು ಅವರಪ್ಪನ ಚರಿತ್ರೆ ಬರೆಸಲಿಕ್ಕೆ. ಅವರಪ್ಪ, ಅಂದರೆ ದೊಡ್ಡ ಸಾಹುಕಾರರು, ಚರ್ಮದ ಪ್ಲಾನರ್‌ಗಳನ್ನು ಮಾಡಿ ಹೆಸರಾದವರು. ಪ್ಲಾನರ್ ಗೊತ್ತಲ್ಲ, ಒಳಗೆ ಉಕ್ಕಿನ ಉಂಗುರ, ಉಂಗುರಕ್ಕೆ ವಾರದ ಹಾಳೆಗಳು, ಪಕ್ಕದಲ್ಲಿ ಪೆನ್ನಿಗೊಂದು ಕುಣಿಕೆ, ಮೇಲೆ ದಪ್ಪ ಚರ್ಮದ ಹೊದಿಕೆ. ಒಂದು ಕಾಲದಲ್ಲಿ ಕಂಕುಳಲ್ಲಿ ಅದಿಲ್ಲದವನು ಅಧಿಕಾರಿಯೇ ಅಲ್ಲ ಎನ್ನುವಂತಿತ್ತು. ಫೋನು ಬಂತು, ಎಲ್ಲರೂ ಎತ್ತಿ ಎಸೆದರು. ಈಗ ಎಸೆದವರ ಮಕ್ಕಳು ಅದನ್ನೇ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದಾರೆ. ಅದರಲ್ಲೂ ಹೊದಿಕೆಯ ಒಳಮೂಲೆಯಲ್ಲಿ ಅರ್ಧಚಂದ್ರದ ಮುದ್ರೆ ಇರುವ ಈ ಅಂಗಡಿಯ ಮಾಲು ಸಿಕ್ಕರೆ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ.

ಇದನ್ನು ನೋಡಿದ ಸಣ್ಣ ಸಾಹುಕಾರನಿಗೆ ಅಪ್ಪನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಮುಚ್ಚಿದ ಕಾರ್ಖಾನೆಗೆ ಬಣ್ಣ ಬಳಿಸಿದ, ಮುಂಭಾಗವನ್ನು ಕೆಡವಿ ಗಾಜು ಹಾಕಿಸಿದ, ಹೊಸ ಪ್ಲಾನರ್‌ಗಳನ್ನು ಯಂತ್ರದಲ್ಲಿ ಹೊಲಿಸಿ ಪೆಟ್ಟಿಗೆಗಳ ಮೇಲೆ ‘ಅಪ್ಪನ ಕೈ’ ಎಂದು ಅಚ್ಚು ಹಾಕಿಸಿದ. ಪೆಟ್ಟಿಗೆಯೊಳಗೆ ಇಡಲು ಒಂದು ಪುಟ್ಟ ಪುಸ್ತಕ ಬೇಕಿತ್ತು.

"ಜಾಸ್ತಿ ಕೆದಕೋದೇನೂ ಬೇಡ ಮೇಡಂ," ಎಂದ ಮೊದಲ ದಿನವೇ, ನಕ್ಕು. "ಅಪ್ಪ ಹೇಗೆ ಒಬ್ಬರೇ ಕೂತು, ಕೈಯಾರೆ, ಒಂದೊಂದೇ ಹೊಲಿಗೆ... ಓದಿದೋರ ಕಣ್ಣಲ್ಲಿ ನೀರು ಬರ್ಬೇಕು, ಅಷ್ಟೇ."

"ನೀರು ಬರಿಸೋಕೆ ಈರುಳ್ಳಿ ಇದೆಯಲ್ಲ ಸ್ವಾಮಿ, ನಾನ್ಯಾಕೆ?" ಎಂದೆ.

ಅವನು ಅದಕ್ಕೂ ನಕ್ಕ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ, ಬೈದರೂ ನಗುತ್ತಾನೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನನ್ನ ಕೆಲಸ ನಾನು ಮಾಡಿದೆ. ಸಂಗ್ರಹ ಮಾಡುವವರ ಮನೆಗಳಿಗೆ ಹೋಗಿ ಅರ್ಧಚಂದ್ರದ ಪ್ಲಾನರ್‌ಗಳನ್ನು ತೆಗೆಸಿ ನೋಡಿದೆ, ಮೂಸಿದೆ, ಫೋಟೋ ತೆಗೆದೆ. ಚರ್ಮದ ಅಂಚಿನ ಹೊಲಿಗೆ ಎಂದರೆ ಬಟ್ಟೆಯ ಹೊಲಿಗೆಯ ಹಾಗಲ್ಲ. ಮರದ ಇಕ್ಕಳದಲ್ಲಿ ಚರ್ಮ ಸಿಕ್ಕಿಸಿ, ಚೂಪಾದ ಉಳಿಯಿಂದ ಓರೆಯಾಗಿ ತೂತು ಕೊರೆದು, ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಆ ಕಡೆಯಿಂದೊಂದು ಈ ಕಡೆಯಿಂದೊಂದು ತೂರಿಸಿ ಎಳೆಯಬೇಕು. ಉಳಿ ಯಾವ ಕೈಯಲ್ಲಿದೆ ಎನ್ನುವುದರ ಮೇಲೆ ಹೊಲಿಗೆ ಒಂದು ಕಡೆ ವಾಲುತ್ತದೆ. ಬಲಗೈಯವನ ಹೊಲಿಗೆ ಬಲಕ್ಕೆ ಬಾಗಿ ಸಾಲಾಗಿ ನಿಲ್ಲುತ್ತದೆ. ನಾನು ನೋಡಿದ ಪ್ಲಾನರ್‌ಗಳ ಹೊಲಿಗೆಯೆಲ್ಲ ಎಡಕ್ಕೆ ವಾಲಿತ್ತು. ಒಂದೂ ತಪ್ಪದೆ ಎಲ್ಲವೂ ಎಡಕ್ಕೆ. ಎಷ್ಟು ಚೆಂದದ ಹೊಲಿಗೆ ಎಂದರೆ, ಬೆರಳಿಟ್ಟು ಸವರಿದರೆ ಎಲ್ಲೂ ತಡೆಯುತ್ತಿರಲಿಲ್ಲ.

ಸರಿ, ದೊಡ್ಡ ಸಾಹುಕಾರರು ಎಡಗೈಯವರು ಎಂದುಕೊಂಡೆ. ಅಂಗಡಿಗೆ ಬಂದು ಗೋಡೆಯ ಮೇಲಿನ ಅವರ ದೊಡ್ಡ ಫೋಟೋ ನೋಡಿದರೆ ಉಳಿ ಬಲಗೈಯಲ್ಲಿದೆ. ಗಿರಾಕಿಗಳ ಮುಂದೆ ಕೂತು ಅವರು ಹೊಲಿದುಕೊಟ್ಟ ಒಂದು ಬೆಲ್ಟು, ಒಂದು ಕನ್ನಡಕದ ಚೀಲ ಸಿಕ್ಕಿದವು. ಎರಡೂ ಬಲಕ್ಕೆ ವಾಲಿದ್ದವು, ಅದೂ ಸೊಟ್ಟಸೊಟ್ಟಗೆ. ನನ್ನ ತಲೆಯಲ್ಲಿ ಹುಳು ಹೊಕ್ಕಿತು.

"ಅಂಗಡೀಲಿ ಎಡಗೈಯವರು ಯಾರಾದ್ರೂ ಇದ್ರಾ?" ಎಂದು ಸಣ್ಣ ಸಾಹುಕಾರನನ್ನು ಕೇಳಿದೆ.

"ಛೆ ಛೆ, ಯಾರೂ ಇಲ್ಲ," ಎಂದ. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬಂದಿತ್ತು.

ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದವಳು ಅವನ ಚಿಕ್ಕಪ್ಪನ ಮಗಳು. ನಡುವಯಸ್ಸು ದಾಟಿದ, ಚುರುಕಾದ, ಯಾವಾಗಲೂ ಇಸ್ತ್ರಿ ಮಾಡಿದ ಬಟ್ಟೆಯ ಹೆಂಗಸು. ಚಿಕ್ಕವಳಿದ್ದಾಗಲೇ ತಾಯಿ ಸತ್ತು, ದೊಡ್ಡಪ್ಪ ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು. ಹಾಗಾದರೆ ಅಪ್ಪ ಎಂದು ಒಬ್ಬರು ಇರಬೇಕಲ್ಲ ಎಂದು ಮೆಲ್ಲಗೆ ಕೆದಕಿದೆ.

"ಇದಾರೆ. ಹಿಂದುಗಡೆ ಮಹಡಿ ಕೋಣೇಲಿ."

"ಏನು ಕೆಲಸ ಮಾಡ್ತಿದ್ರು?"

"ಊಟ," ಎಂದಳು. ತಲೆ ಎತ್ತಲಿಲ್ಲ. "ಮೂರು ಹೊತ್ತೂ ತಪ್ಪದೆ ಮಾಡ್ತಿದ್ರು, ಒಂದು ದಿನಾನೂ ರಜೆ ಹಾಕ್ಲಿಲ್ಲ."

ಪಕ್ಕದಲ್ಲಿದ್ದ ಕೆಲಸದವರು ಮುಸಿಮುಸಿ ನಕ್ಕರು. ಇದು ಹಳೆಯ ಜೋಕು, ಅವಳೇ ತಯಾರಿಸಿದ್ದು ಎಂದು ಗೊತ್ತಾಯಿತು. ಬೇರೆಯವರು ಆಡುವ ಮೊದಲು ತಾನೇ ಆಡಿಬಿಟ್ಟರೆ ಕಡಿಮೆ ಚುಚ್ಚುತ್ತದೆ.

ಆಮೇಲೆ ತಾನಾಗಿಯೇ ಹೇಳಿದಳು. "ನಂಗೆ ನೆನಪಿರೋದು ಒಂದೇ. ಬೆಳಗ್ಗೆ ತಿಂಡಿ ತಿಂದು ಹಿಂದಿನ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕ್ಕೊಳ್ಳೋನು. ಸಾಯಂಕಾಲ ಕಣ್ಣು ಕೆಂಪಗೆ ಮಾಡ್ಕೊಂಡು, ಆಕಳಿಸ್ತಾ ಬರೋನು. ಕಾರ್ಖಾನೆ ತುಂಬ ಜನ ದುಡೀತಿರ್ಬೇಕಾದ್ರೆ ಇವನೊಬ್ಬ ನಿದ್ದೆ. ಬಂದೋರೆಲ್ಲ ದೊಡ್ಡಪ್ಪನ್ನ ಕೇಳೋರು, 'ಇವನನ್ನ ಯಾಕೆ ಸಾಕ್ತಿದೀರಿ?' ಅಂತ. ದೊಡ್ಡಪ್ಪ ನನ್ನ ತಲೆ ಸವರಿ, 'ತಮ್ಮ ಅಲ್ವಾ, ಏನ್ಮಾಡೋದು' ಅನ್ನೋರು. ನಾನು ಅವತ್ತೇ ಅಂದ್ಕೊಂಡೆ, ನಾನು ಮಾತ್ರ ಬಿಟ್ಟಿ ತಿನ್ನಲ್ಲ ಅಂತ."

ಆ ಸಂಜೆಯೇ ನಾನು ಮಹಡಿ ಹತ್ತಿದೆ.

ಚಿಕ್ಕಪ್ಪ ಎಂದೇ ಎಲ್ಲರೂ ಅವರನ್ನು ಕರೆಯುವುದು. ಒಂದು ಮಂಚ, ಒಂದು ಕಿಟಕಿ, ಗೋಡೆಗೆ ಮಗಳ ಶಾಲೆಯ ಫೋಟೋ. ಒಣಕಲು ಮುದುಕ, ಕಣ್ಣು ಅರ್ಧ ಮಂಜು. ನಾನು ಕೊಟ್ಟ ಬಿಸ್ಕತ್ತನ್ನು ಬಲಗೈಯಲ್ಲಿ ತೆಗೆದುಕೊಂಡರು. ಚಹಾದ ಲೋಟವನ್ನು ಬಲಗೈಯಲ್ಲಿ ಹಿಡಿದರು. ಕಿಟಕಿಯ ಚಿಲಕ ಎಡಗಡೆಗಿದ್ದರೂ ಮೈಯೆಲ್ಲ ತಿರುಗಿಸಿ ಬಲಗೈಯಲ್ಲೇ ತೆಗೆದರು. ನನಗೆ ನಿರಾಸೆಯಾಯಿತು. ಎದ್ದು ಹೊರಡುವಾಗ, ಕೊಟ್ಟ ಲೋಟ ವಾಪಸು ಪಡೆಯುವ ನೆಪದಲ್ಲಿ ಅವರ ಎಡಗೈಯನ್ನು ತಟ್ಟನೆ ಹಿಡಿದು ತಿರುಗಿಸಿದೆ. ಅಂಗೈ ನಡುವೆ ಉಳಿಯ ಹಿಡಿ ಒತ್ತಿ ಒತ್ತಿ ಆದ ಗಂಟು, ಹುಣಸೆ ಬೀಜದಷ್ಟು ಗಟ್ಟಿಯಾಗಿತ್ತು.

ಚಿಕ್ಕಪ್ಪ ಕೈ ಕಿತ್ತುಕೊಂಡರು. ನಾನೇನೋ ಅವರ ಸೆರಗು ಎಳೆದೆ ಎನ್ನುವ ಹಾಗೆ ನನ್ನನ್ನು ನೋಡಿದರು.

"ನೀವೇ ಅಲ್ವಾ?" ಎಂದೆ. "ಅಷ್ಟೂ ನಿಮ್ಮದೇ ಅಲ್ವಾ?"

ಬಾಗಿಲು ಹಾಕಿದೆಯೇ ಎಂದು ಒಮ್ಮೆ ನೋಡಿದರು. ಆಮೇಲೆ ಮಾತು ಶುರುವಾಯಿತು, ಮುರಿದು ಮುರಿದು. ಹುಟ್ಟಿನಿಂದ ಎಡಗೈಯವರು. ಅವರಪ್ಪನಿಗೆ ಅದು ಮನೆತನಕ್ಕೇ ಕಳಂಕ. ಹುಡುಗನಾಗಿದ್ದಾಗ ಇವರು ಎಡಗೈಯಲ್ಲಿ ಗಿರಾಕಿಗೆ ಮಾಲು ಕೊಟ್ಟರೆಂದು ನಾಲ್ಕು ಜನರೆದುರು ಚರ್ಮದ ಪಟ್ಟಿಯಲ್ಲಿ ಬಾರಿಸಿದ್ದರಂತೆ.

"ಹೊಡೆಯೋಕೆ ಮುಂಚೆ ಕೂಗ್ತಿರ್ಲಿಲ್ಲ ಅಪ್ಪ. ಮೆತ್ತಗೆ ಹೇಳೋರು, 'ಎಲ್ಲರೂ ನೋಡ್ತಿದಾರೆ' ಅಂತ. ಆಮೇಲೆ ಏಟು. ಕಡೆಕಡೆಗೆ ಏಟೇ ಬೇಕಾಗ್ತಿರ್ಲಿಲ್ಲ, ಆ ಮಾತು ಕೇಳಿದ್ರೆ ಸಾಕು, ಕೈ ತಾನಾಗೇ ಹಿಂದಕ್ಕೆ ಹೋಗೋದು." ಚಿಕ್ಕಪ್ಪ ನಕ್ಕರು. "ಅಪ್ಪ ಹೋದ್ಮೇಲೆ ಅಣ್ಣ ನನ್ನ ಹೊಲಿಗೆ ನೋಡಿದ. 'ತಮ್ಮಾ, ಇದು ಚಿನ್ನದಂಥ ಕೈ, ಆದ್ರೆ ಎಡಗೈ ಅಂತ ಗೊತ್ತಾದ್ರೆ ಮಾನ ಹೋಗುತ್ತೆ, ನೀನು ಒಳಗೆ ಕೂತು ಹೊಲಿ, ನಾನು ಹೊರಗೆ ಕೂತು ಮಾರ್ತೀನಿ' ಅಂದ. ನಂಗೂ ಅದೇ ಸುಖ ಅನ್ನಿಸ್ತು. ಬಾಗಿಲು ಹಾಕಿದ್ರೆ ಯಾರೂ ನೋಡಲ್ವಲ್ಲ."

"ಮಗಳಿಗೆ ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳ್ಲಿ? ಅಣ್ಣನಿಗೆ ಮಾತು ಕೊಟ್ಟಿದ್ದೆ. ಅವನು ಹೋದ ಮೇಲೆ ಹೇಳಿದ್ರೆ, ಸತ್ತೋನ ಮೇಲೆ ಹೇಳ್ತಾನೆ ಅನ್ನಲ್ವಾ ಅವಳು?" ಲೋಟವನ್ನು ನೆಲಕ್ಕಿಟ್ಟರು. "ನಂಗೆ ಹೆಸರು ಬೇಡಮ್ಮ. ಪೆಟ್ಟಿಗೆ ಮೇಲೆ ಏನಾದ್ರೂ ಬರ್ಕೊಳ್ಲಿ. ನನ್ನ ಮಗಳಿಗೆ ಒಂದು ಸಲ ಗೊತ್ತಾಗ್ಬೇಕು. ಅವಳಪ್ಪ ಬಿಟ್ಟಿ ತಿಂದಿಲ್ಲ ಅಂತ. ಅಷ್ಟು ಗೊತ್ತಾದ್ರೆ ನಂಗೆ ಸಾಕು."

ನಾನು ಚೀಲದಿಂದ ಒಂದು ತುಂಡು ಚರ್ಮ, ದಾರ, ಸೂಜಿ, ಉಳಿ ತೆಗೆದು ಮುಂದಿಟ್ಟೆ. ಚಿಕ್ಕಪ್ಪನ ಕಣ್ಣು ಅರಳಿತು. ಆದರೆ ನಾನು ಅಲ್ಲೇ ಕೂತಿರುವುದನ್ನು ಕಂಡು, "ನೀವು ಸ್ವಲ್ಪ ಹೊರಗಿರಿ," ಎಂದರು. ಮುದುಕರ ನಾಚಿಕೆ ಎಂದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಚಿಲಕ ಬಿತ್ತು. ಚರ್ಮದೊಳಗೆ ದಾರ ಎಳೆಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬಾಗಿಲು ತೆಗೆದು ತುಂಡನ್ನು ನನ್ನ ಕೈಗಿಟ್ಟಾಗ ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಅದೇ ಹೊಲಿಗೆ. ಕಣ್ಣು ಮಂಜಾದರೂ ಬೆರಳಿಗೆ ಎಲ್ಲ ನೆನಪಿತ್ತು. ಗಾಜಿನ ಕಪಾಟುಗಳಲ್ಲಿ ಬೀಗ ಹಾಕಿಟ್ಟದ್ದೆಲ್ಲ ಆ ಮಂಚದ ಮೇಲೆ ಕೂತಿದ್ದ ಮನುಷ್ಯನದು.

ಮಾರನೆಯ ದಿನ ನಾನು ಸಣ್ಣ ಸಾಹುಕಾರನ ಮೇಜಿನ ಮೇಲೆ ಆ ತುಂಡನ್ನು ಟಪ್ಪೆಂದು ಇಟ್ಟೆ. ಎಲ್ಲವನ್ನೂ ಹೇಳಿದೆ, ಹೊಲಿಗೆ ವಾಲುವ ಲೆಕ್ಕವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಅವನು ಮುಖ ಸಿಂಡರಿಸಿಕೊಳ್ಳುತ್ತಾನೆ, ಕೂಗಾಡುತ್ತಾನೆ, ಆಗ ನಾನೂ ಕೂಗಾಡಬಹುದು ಎಂದು ಸಿದ್ಧವಾಗಿ ಬಂದಿದ್ದೆ. ಅವನು ನನಗೆ ಚಹಾ ತರಿಸಿದ.

"ಇದು ಯಾವುದೋ ಹಳೇ ಪ್ಲಾನರಿಂದ ಕತ್ತರಿಸಿದ ತುಂಡು ಅಂತ ಯಾರಾದ್ರೂ ಅಂದ್ರೆ?" ಎಂದ, ತುಂಡನ್ನು ತಿರುಗಿಸಿ ನೋಡುತ್ತ. "ನಾನು ಅನ್ನಲ್ಲ. ಅನ್ನೋರು ಅಂತಾರೆ. ಅವರು ಹೊಲೀವಾಗ ನೀವು ನೋಡಿದ್ರಾ?"

"ಹೊರಗಿದ್ದೆ."

"ನೋಡಿ ಮತ್ತೆ." ಚಹಾ ಕುಡಿದ. "ಹೊಲಿಗೆ ನೋಡಿದ್ರೆ ಯಾವ ಕೈ ಅಂತ ಖಂಡಿತ ಗೊತ್ತಾಗುತ್ತಾ ಮೇಡಂ?"

"ಖಂಡಿತ."

"ಭೂತಗನ್ನಡಿಯವರೂ ಒಪ್ತಾರಾ?" ಭೂತಗನ್ನಡಿ ಎಂದರೆ ಹರಾಜು ಮನೆಯ ಪರೀಕ್ಷಕ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಹುಟ್ಟಿದವನ ಹಾಗೆ ಓಡಾಡುತ್ತಾನೆ, ಅವನು ಹೂಂ ಎಂದರೆ ಮಾರುಕಟ್ಟೆ ಹೂಂ ಎನ್ನುತ್ತದೆ.

"ಒಪ್ಪದೆ ಇನ್ನೇನು ಮಾಡ್ತಾನೆ?"

"ಹಾಗಾದ್ರೆ ಅಂಗಡಿ ಶುರುವಾಗೋ ದಿನ ಎಲ್ಲರ ಮುಂದೆ ಕೂತು ಹೊಲೀಲಿ. ಚಿಕ್ಕಪ್ಪಂದೇ ಅಂತಾದ್ರೆ ಪೆಟ್ಟಿಗೆ ಎಲ್ಲ ಸುಟ್ಟು ಹೊಸದಾಗಿ ಅಚ್ಚು ಹಾಕಿಸ್ತೀನಿ. ನನ್ನ ಚಿಕ್ಕಪ್ಪ ತಾನೇ? ನಂಗೇನು ಹೊಟ್ಟೆಕಿಚ್ಚಾ?"

ನಾನು ಗೆದ್ದೆನೆಂದು ಕುಣಿದುಕೊಂಡು ಮಹಡಿಗೆ ಹೋದೆ. ಚಿಕ್ಕಪ್ಪ ಮೊದಲು ಬೇಡವೆಂದರು. ಜನ ಬಹಳ ಇರುತ್ತಾರಾ ಎಂದು ಕೇಳಿದರು. ಆಮೇಲೆ, "ಮಗಳು ಬರ್ತಾಳಾ?" ಎಂದರು. ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ ಎಂದೆ. ಹಾಗಾದರೆ ಆಗಬಹುದು ಎಂದು ಗಡ್ಡ ಸವರಿಕೊಂಡರು, ಕ್ಷೌರ ಮಾಡಿಸಬೇಕಲ್ಲ ಎಂದರು.

ಮಗಳಿಗೂ ನಾನೇ ಹೇಳಿದೆ. ಪೂರ್ತಿ ಹೇಳಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು.

"ನಮ್ಮಪ್ಪಾನಾ?"

"ಬಂದು ನೋಡಮ್ಮ. ಕಣ್ಣಾರೆ ನೋಡು, ಆಮೇಲೆ ಮಾತಾಡು."

"ನಿಜ ಆಗಿದ್ರೆ..." ಎಂದಳು. ಲೆಕ್ಕದ ಯಂತ್ರದ ಗುಂಡಿಯನ್ನು ಸುಮ್ಮನೆ ಒತ್ತುತ್ತ ಕೂತಳು. ನಿಜವಾಗಿರಲಿ ಎಂದು ಅವಳಿಗೆ ಎಷ್ಟು ಆಸೆ ಇತ್ತೆಂದು ನನಗೆ ಆಗಲೇ ಕಾಣಿಸಿತು.

ಆ ದಿನ ಅಂಗಡಿ ತುಂಬಿತ್ತು. ಸಂಗ್ರಹ ಮಾಡುವವರು, ಪತ್ರಿಕೆಯವರು, ಹಳೆಯ ಗಿರಾಕಿಗಳು. ಭೂತಗನ್ನಡಿ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಮಗಳು, ಕೈಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು. ವೇದಿಕೆಯ ಮೇಲೆ ಒಂದು ಮೇಜು, ಅದಕ್ಕೆ ಬಿಗಿದ ಮರದ ಇಕ್ಕಳ, ಚರ್ಮ, ದಾರ, ಸೂಜಿ, ಉಳಿ. ಹಿಂದಿನ ಗೋಡೆಗೆ ಎರಡು ಫೋಟೋ ಬಂದಿದ್ದವು. ಒಂದು ದೊಡ್ಡ ಸಾಹುಕಾರರದು. ಇನ್ನೊಂದು, ಅಲ್ಲಿಯವರೆಗೆ ನಾನೆಂದೂ ಕಾಣದ್ದು, ಇಬ್ಬರು ಅಣ್ಣತಮ್ಮಂದಿರ ಅಪ್ಪನದು. ದಪ್ಪ ಹುಬ್ಬು, ಬಿಗಿದ ತುಟಿ, ಎದೆಮಟ್ಟದ ಚಿತ್ರ. ಅದನ್ನು ಮೇಜಿನ ನೇರಕ್ಕೆ ತೂಗುಹಾಕಿದ್ದರು.

ಕ್ಷೌರ ಮಾಡಿಸಿಕೊಂಡ ಚಿಕ್ಕಪ್ಪ ಯಾರದೋ ದೊಡ್ಡ ಕೋಟು ತೊಟ್ಟು ಬಂದರು. ಫೋಟೋ ನೋಡಿದರು. ನಿಂತರು. ಸಣ್ಣ ಸಾಹುಕಾರ ಅವರ ಭುಜ ಹಿಡಿದು, ಮುದ್ದಿನಿಂದ, ಕುರ್ಚಿಯ ಮೇಲೆ ಕೂರಿಸಿದ.

"ನಮ್ಮ ಚಿಕ್ಕಪ್ಪ," ಎಂದು ಸಭೆಗೆ ಪರಿಚಯಿಸಿದ. "ಆ ಪ್ಲಾನರ್‌ಗಳನ್ನೆಲ್ಲ ಹೊಲಿದಿದ್ದು ಇವರಂತೆ. ಇಷ್ಟು ವರ್ಷ ಒಂದೇ ಮನೇಲಿದ್ವಿ, ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ ನೋಡಿ!" ಜನ ನಕ್ಕರು. "ನಗ್ಬೇಡಿ, ನಗ್ಬೇಡಿ. ಈ ಮೇಡಂ ಸಂಶೋಧನೆ ಮಾಡಿದಾರೆ. ಚಿಕ್ಕಪ್ಪ ಈಗ ಹೊಲಿದು ತೋರಿಸ್ತಾರೆ. ಎಡಕ್ಕೆ ವಾಲಿದ್ರೆ ಅವರದ್ದೇ ಅಂತ ನಾನೇ ಮೊದಲು ಕೈ ಮುಗೀತೀನಿ."

ಎಷ್ಟು ನ್ಯಾಯವಾಗಿ ಕೇಳಿಸಿತು! ನಾನು ಕೂಡ ತಲೆಯಾಡಿಸಿದೆ.

ಚಿಕ್ಕಪ್ಪ ದಾರಕ್ಕೆ ಮೇಣ ಹಚ್ಚಿದರು, ಸೂಜಿ ಪೋಣಿಸಿದರು, ಇಕ್ಕಳ ಬಿಗಿದರು. ಮಗಳ ಕಡೆ ಒಮ್ಮೆ ನೋಡಿದರು. ಮಗಳು ಕೈಚೀಲ ಮಡಿಲಿಗಿಟ್ಟು ಮುಂದಕ್ಕೆ ಬಾಗಿದ್ದಳು. ಚಿಕ್ಕಪ್ಪನ ಎಡಗೈ ಎದ್ದು ಉಳಿಯ ಕಡೆ ಹೋಯಿತು. ಇನ್ನೇನು ಹಿಡಿಗೆ ತಾಗಬೇಕು.

ಸಣ್ಣ ಸಾಹುಕಾರ ಅವರ ಕಿವಿಯ ಹತ್ತಿರ ಬಾಗಿದ. ಮೆತ್ತಗೆ ಹೇಳಿದ.

"ಚಿಕ್ಕಪ್ಪ, ಎಲ್ಲರೂ ನೋಡ್ತಿದಾರೆ."

ಕೈ ಅಲ್ಲೇ ನಿಂತಿತು. ನಿಂತು, ಹಿಂದಕ್ಕೆ ಬಂದು, ಮೇಜಿನ ಕೆಳಗೆ ಹೋಯಿತು. ಬಲಗೈ ಎದ್ದು ಉಳಿಯನ್ನು ಹಿಡಿಯಿತು.

ಈ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ಮಾತು ಏನು ಮಾಡುತ್ತದೆಂದು ಗೊತ್ತಿತ್ತು. ಗೊತ್ತಿದ್ದೇ ಚಹಾ ಕೊಟ್ಟಿದ್ದ, ಗೊತ್ತಿದ್ದೇ ಆ ಫೋಟೋ ತೂಗುಹಾಕಿಸಿದ್ದ.

"ಚಿಕ್ಕಪ್ಪ! ಎಡಗೈ!" ಎಂದು ಎದ್ದು ನಿಂತು ಕೂಗಿದೆ. "ಉಳಿ ಎಡಗೈಲಿ ಹಿಡೀರಿ!"

ನನ್ನ ಕೂಗಿಗೆ ಅವರು ಏಟು ಬಿದ್ದವರಂತೆ ಬೆಚ್ಚಿದರು. ಸಭೆಯೆಲ್ಲ ಅವರ ಎಡಗೈ ಎಲ್ಲಿದೆ ಎಂದು ನೋಡತೊಡಗಿತು. ಅವರು ಅದನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕೂತುಬಿಟ್ಟರು. ಹಣೆಯಲ್ಲಿ ಬೆವರು ಸಾಲಿಟ್ಟಿತು.

"ಗಾಬರಿ ಮಾಡ್ಬೇಡಿ ಮೇಡಂ, ವಯಸ್ಸಾದೋರು," ಎಂದ ಸಣ್ಣ ಸಾಹುಕಾರ.

"ಎಲ್ಲರನ್ನೂ ಹೊರಗೆ ಕಳಿಸಿ! ಬಾಗಿಲು ಹಾಕಿ! ಒಬ್ಬರೇ ಇದ್ರೆ ಹೊಲೀತಾರೆ!"

"ಬಾಗಿಲು ಹಾಕಿದ್ರೆ ಒಳಗೆ ಹೊಲಿದಿದ್ದು ಯಾರು ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

ಈ ಸಲ ಜೋರಾಗಿಯೇ ನಕ್ಕರು. ಅದರಲ್ಲಿ ತಪ್ಪಿಲ್ಲ, ಬೇರೆಯವರ ವಿಷಯವಾಗಿದ್ದರೆ ನಾನೂ ನಗುತ್ತಿದ್ದೆ.

ಚಿಕ್ಕಪ್ಪ ಹೇಗೋ ಎಡಗೈಯನ್ನು ಮತ್ತೆ ಹೊರತೆಗೆದು, ಅದಕ್ಕೆ ಬರೀ ಸೂಜಿಯನ್ನು ಕೊಟ್ಟು, ಬಲಗೈಯಲ್ಲಿ ಉಳಿ ಹಿಡಿದು ಹೊಲಿದರು. ಉಳಿ ಜಾರಿತು. ತೂತು ಒಂದು ಮೇಲೆ ಒಂದು ಕೆಳಗೆ ಬಿತ್ತು. ದಾರ ಗಂಟಾಯಿತು, ಬಿಡಿಸಲಾರದೆ ಹಲ್ಲಿನಿಂದ ಕಚ್ಚಿದರು. ಅಂಗೈಯಗಲದ ಹೊಲಿಗೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನವರು ತಮ್ಮತಮ್ಮಲ್ಲಿ ಮಾತಾಡತೊಡಗಿದ್ದರು. ಭೂತಗನ್ನಡಿ ಮೇಲೆ ಹೋಗಿ, ಮಸೂರ ಸಿಕ್ಕಿಸಿಕೊಂಡು ಬಾಗಿದ. ಬಹಳ ಹೊತ್ತು ಬಾಗಬೇಕಾಗಲೂ ಇಲ್ಲ.

"ಬಲಕ್ಕೆ," ಎಂದ. "ಅದೂ ಕಲಿಯೋರ ಹೊಲಿಗೆ."

"ರೀ, ದೊಡ್ಡ ಸಾಹುಕಾರರ ಹೊಲಿಗೇನೂ ಬಲಕ್ಕೇ ಕಣ್ರೀ!" ಎಂದು ನಾನು ಅರಚಿದೆ. "ಅವರ ಬೆಲ್ಟು ನೋಡಿ, ಕನ್ನಡಕದ ಚೀಲ ನೋಡಿ! ಹಾಗಾದ್ರೆ ಪ್ಲಾನರ್ ಎಲ್ಲ ಎಡಕ್ಕೆ ಹೇಗೆ ವಾಲ್ತವೆ, ಹೇಳಿ ನೋಡೋಣ!"

ಭೂತಗನ್ನಡಿ ಸಣ್ಣ ಸಾಹುಕಾರನ ಮುಖ ನೋಡಿದ. ಸಾಹುಕಾರ ಗೋಡೆಯ ಮೇಲಿನ ತನ್ನಪ್ಪನನ್ನು ನೋಡಿ, ಕಣ್ಣೊರೆಸಿಕೊಂಡ.

"ಅಪ್ಪ ಎರಡೂ ಕೈಲಿ ಹೊಲೀತಿದ್ರು," ಎಂದ. "ಹೊರಗೆ ಕೂತಾಗ ಬಲಗೈ. ಪ್ಲಾನರ್ ಮಾತ್ರ ಎಡಗೈ. ಯಾರಿಗೂ ಹೇಳ್ಬೇಡ ಅಂದಿದ್ರು. ಇವತ್ತು ಮೇಡಂ ನನ್ನ ಬಾಯಿ ಬಿಡಿಸಿದ್ರು."

ಚಪ್ಪಾಳೆ ಬಿತ್ತು. ಪತ್ರಿಕೆಯವರು ಬರೆದುಕೊಂಡರು. ಎರಡೂ ಕೈಯ ಕುಶಲಿಗ! ನಾನು ಕೊಟ್ಟ ಇಟ್ಟಿಗೆಯಿಂದಲೇ ಅವನು ಇನ್ನೊಂದು ಮಹಡಿ ಕಟ್ಟಿಕೊಂಡಿದ್ದ.

ಮಗಳು ಎದ್ದಳು. ಮುಖ ಕೆಂಪಾಗಿತ್ತು. ವೇದಿಕೆ ಹತ್ತಿ, ಅಪ್ಪನ ಕೈಯಿಂದ ಉಳಿಯನ್ನು ಕಿತ್ತು ಮೇಜಿನ ಮೇಲಿಟ್ಟಳು.

"ನೀನು ದೊಡ್ಡಪ್ಪನ ಅನ್ನ ತಿಂದೆ," ಎಂದಳು. ಕೂಗಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಅವರ ಮನೇಲಿ ಬಿದ್ಕೊಂಡಿದ್ದೆ. ನನ್ನನ್ನ ಅವರ ಕೈಗೆ ಹಾಕಿ ನೀನು ನಿದ್ದೆ ಮಾಡ್ದೆ. ಅದೆಲ್ಲ ನುಂಗ್ಕೊಂಡಿದ್ದೆ ನಾನು. ಈಗ ಅವರ ಕೆಲಸಾನೂ ನಿಂದು ಅಂತ ಹೇಳೋಕೆ ಬಂದ್ಯಾ? ನಾನೂ ನಂಬಿಬಿಟ್ಟಿದ್ನಲ್ಲೋ ಅಪ್ಪಾ. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ನಾನು, ನಿಜ ಇರ್ಬಹುದು ಅಂತ!"

ಚಿಕ್ಕಪ್ಪ ಮಗಳ ಮುಖವನ್ನೇ ನೋಡುತ್ತಿದ್ದರು. ಅಷ್ಟು ಹತ್ತಿರದಿಂದ ಅವಳು ಅವರೊಡನೆ ಮಾತಾಡಿ ಎಷ್ಟು ಕಾಲವಾಗಿತ್ತೋ. ಅವರ ತುಟಿ ಅಲುಗಾಡಿತು. ಹೇಳಿ, ಹೇಳಿ ಚಿಕ್ಕಪ್ಪ, ಈಗಲಾದರೂ ಬಾಯಿಬಿಟ್ಟು ಹೇಳಿ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ.

"ನಾನಲ್ಲಮ್ಮ," ಎಂದರು. "ನಾನೆಲ್ಲಿ ಹೊಲೀಲಿ? ನಂಗೇನು ಗೊತ್ತು? ಈ ಮೇಡಂ ಬಂದು ಹೀಗೆ ಹೇಳು ಅಂದ್ರು. ಮಗಳು ಖುಷಿ ಪಡ್ತಾಳೆ ಅಂದ್ರು. ನಂಗೆ ಬುದ್ಧಿ ಇಲ್ಲ, ಹೂಂ ಅಂದೆ. ತಪ್ಪಾಯ್ತಮ್ಮ."

ಮಗಳು ತಿರುಗಿದಳು. ಎಲ್ಲರೂ ತಿರುಗಿದರು.

"ನೀವಾ ಹೇಳ್ಕೊಟ್ಟಿದ್ದು?"

ನನ್ನ ಚೀಲದಲ್ಲಿ ಆ ತುಂಡು ಚರ್ಮವಿತ್ತು. ಫೋಟೋಗಳಿದ್ದವು. ಅವರ ಎಡ ಅಂಗೈ ತಿರುಗಿಸಿ ಆ ಗಂಟು ತೋರಿಸು ಎಂದು ಕೈ ತುರಿಸುತ್ತಿತ್ತು. ಚಿಕ್ಕಪ್ಪ ಅವಳ ಬೆನ್ನ ಹಿಂದಿನಿಂದ ನನ್ನನ್ನು ನೋಡಿದರು. ಬೇಡ ಎಂದು ತಲೆಯಾಡಿಸಲಿಲ್ಲ, ಏನೂ ಮಾಡಲಿಲ್ಲ, ಸುಮ್ಮನೆ ನೋಡಿದರು, ಅಷ್ಟೇ. ಹಾಳಾದ ಮುದುಕ.

"ಹೌದಮ್ಮ," ಎಂದೆ. "ನಾನೇ ಹೇಳ್ಕೊಟ್ಟಿದ್ದು."

"ಥೂ," ಎಂದಳು ಅವಳು. "ವಯಸ್ಸಾದೋರನ್ನ ಹೀಗೆ ಕುಣಿಸ್ತೀರಲ್ಲ, ನಾಚಿಕೆ ಆಗಲ್ವಾ ನಿಮ್ಗೆ? ನಿಮ್ಮಪ್ಪನಿಗೆ ಹೀಗೆ ಮಾಡ್ತಿದ್ರಾ?"

ಸಣ್ಣ ಸಾಹುಕಾರ ನನಗೊಂದು ಕುರ್ಚಿ ತೋರಿಸಿ, ಕೂತ್ಕೊಳ್ಳಿ ಮೇಡಂ, ನೀರು ಬೇಕಾ ಎಂದ. ಅವನ ದನಿಯಲ್ಲಿ ಎಂದಿನ ಬೆಣ್ಣೆಯೇ ಇತ್ತು. ನಾನು ನಿಂತೇ ಇದ್ದೆ.

ಮಗಳು ಅಪ್ಪನ ಕೋಟಿನ ಗುಂಡಿ ಹಾಕಿದಳು. ಹಣೆಯ ಬೆವರನ್ನು ತನ್ನ ಕರವಸ್ತ್ರದಿಂದ ಒರೆಸಿದಳು. ಅವಳ ಸಿಟ್ಟೆಲ್ಲ ನನ್ನ ಮೇಲೆ ಹರಿದುಹೋಗಿ, ಅಪ್ಪನಿಗೆ ಅಂತ ಬರೀ ಮರುಕ ಉಳಿದಿತ್ತು.

"ಏಳಪ್ಪ. ನಮ್ಮನೆಗೆ ಹೋಗೋಣ. ಇನ್ಮೇಲೆ ಅಲ್ಲೇ ಇರು. ಆ ಮಹಡೀಲಿ ಒಬ್ಬನೇ ಬಿಟ್ರೆ ಹೀಗೆ ಯಾರ್ಯಾರೋ ಬಂದು ತಲೆ ಕೆಡಿಸ್ತಾರೆ."

ಚಿಕ್ಕಪ್ಪನ ಮುಖ ಅರಳಿತು. ಅಷ್ಟು ಸಂತೋಷವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ, ನನಗೆ ಅದನ್ನು ನೋಡಲಾಗಲಿಲ್ಲ. ಮಗಳ ತೋಳು ಹಿಡಿದು ಮೆಟ್ಟಿಲಿಳಿದರು. ಜನ ದಾರಿ ಬಿಟ್ಟರು. ನನ್ನ ಪಕ್ಕದಲ್ಲೇ ಹಾದುಹೋದರೂ ನನ್ನ ಕಡೆ ತಿರುಗಲಿಲ್ಲ. ಬಾಗಿಲ ಹತ್ತಿರದ ಗಾಜಿನ ಕಪಾಟಿನಲ್ಲಿ ಅರ್ಧಚಂದ್ರದ ಹಳೆಯ ಪ್ಲಾನರ್ ಒಂದನ್ನು ದೀಪದ ಕೆಳಗೆ ಇಟ್ಟಿದ್ದರು. ಅವರು ಅಲ್ಲಿ ನಿಂತು, ಮಂಜುಗಣ್ಣನ್ನು ಗಾಜಿಗೆ ಹತ್ತಿರ ತಂದು, ಮಗಳಿಗೆ ಹೆಮ್ಮೆಯಿಂದ ತೋರಿಸಿ ಹೇಳುತ್ತಿದ್ದುದು ನನಗೆ ಕೇಳಿಸಿತು.

"ನೋಡಮ್ಮ, ಎಷ್ಟು ಚೆನ್ನಾಗಿದೆ. ನಿಮ್ಮ ದೊಡ್ಡಪ್ಪನ ಕೈ ಅಂದ್ರೆ ಕೈ ಕಣಮ್ಮ."